ಸದ್ದು ಬೇಕಾ, ಮಾತು ಬೇಕಾ? ಹಂಪಿಯ ಕಂಬದಿಂದ ನಮ್ಮನೆ ಹೋಂ ಥಿಯೇಟರ್‌ವರೆಗೆ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಹೊಸಪೇಟೆಯಿಂದ ಮಾತಾಡ್ತಿದ್ದೀನಿ. ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ರೆ ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ. ಯಾಕೆ ಅಂತ ಕೊನೇಲಿ ಹೇಳ್ತೀನಿ.

ಹೋದ ದೀಪಾವಳಿಗೆ ನಮ್ಮನೇಲಿ ಒಂದು ತೀರ್ಮಾನ ಆಯ್ತು. ಹಾಲ್‌ಗೆ ಒಳ್ಳೆ ಹೋಂ ಥಿಯೇಟರ್ ಹಾಕೋಣ ಅಂತ. ನೆಲದ ಮೇಲೆ ನಿಲ್ಲೋ ಎರಡು ದೊಡ್ಡ ಸ್ಪೀಕರ್, ಅಂಗಡಿಯವರು ಟವರ್ ಅಂತಾರಲ್ಲ ಅದು. ಅದಕ್ಕೆ ಹೊಂದೋ ಒಂದು ಎ.ವಿ. ರಿಸೀವರ್. ನಾನು ಬಿ.ಕಾಂ. ಓದಿದವನು, ಹಾಗಾಗಿ ಮೊದಲು ಮಾಡಿದ್ದು ಎಕ್ಸೆಲ್ ಶೀಟ್. ಮಾಡೆಲ್, ವ್ಯಾಟ್, ರೇಟು, ಡಿಸ್ಕೌಂಟು. ಅಪ್ಪ ಪಕ್ಕದಲ್ಲಿ ಕೂತು ಅದನ್ನ ನೋಡಿ ಒಂದೇ ಮಾತು ಅಂದ್ರು: "ಸದ್ದು ನನಗೆ ಈಗ್ಲೂ ಕೇಳ್ತೈತಪ್ಪ. ಮಾತೇ ತಿಳಿಯಲ್ಲ."

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ವ್ಯಾಟ್ ಲೆಕ್ಕ ಬಿಟ್ಟು, ನಮ್ಮ ಕಡೆ ಜನ ಸದ್ದನ್ನ ಹೇಗೆ ಕೇಳ್ಕೊಂಡು ಬಂದ್ರು ಅಂತ ಓದೋಕೆ ಶುರು ಮಾಡಿದೆ. ಈ ಸಂಚಿಕೆ ಅದರದ್ದೇ.

ಕಲ್ಲು ಹಾಡಿದ ಸೀಮೆ

ಬಳ್ಳಾರಿ ಪಕ್ಕದಲ್ಲೇ ಸಂಗನಕಲ್ಲು, ಕುಪ್ಪಗಲ್ಲು ಅಂತ ಇವೆ. ಅಲ್ಲಿ ನವಶಿಲಾಯುಗದ ಜನ ಇದ್ರು, ಅಂದ್ರೆ ಸುಮಾರು 4,000 ವರ್ಷಕ್ಕೂ ಹಿಂದೆ. ಆ ಗುಡ್ಡದ ಕೆಲವು ಕಪ್ಪು ಬಂಡೆಗಳಲ್ಲಿ ಸಣ್ಣ ಸಣ್ಣ ಗುಳಿಗಳಿವೆ. ಅಲ್ಲಿ ಇನ್ನೊಂದು ಕಲ್ಲಿಂದ ಬಡಿದ್ರೆ ಜಾಗಟೆ ಥರ ಸದ್ದು ಬರುತ್ತೆ. ಪುರಾತತ್ವಜ್ಞೆ ನಿಕೋಲ್ ಬೊಯ್ವಿನ್ 2004ರಲ್ಲಿ ಇದರ ಬಗ್ಗೆ ಬರೆದಾಗ ಪ್ರಪಂಚದ ಗಮನ ಈ ಕಡೆ ತಿರುಗಿತು.

ಅಲ್ಲಿಂದ ನೇರ ನಮ್ಮ ಹಂಪಿಗೆ ಬನ್ನಿ. ವಿಜಯ ವಿಠ್ಠಲ ದೇವಸ್ಥಾನದ ಮಹಾಮಂಟಪದಲ್ಲಿ 56 ಕಂಬ. ಸ್ಕೂಲ್ ಟ್ರಿಪ್‌ನಲ್ಲಿ ಗೈಡ್ ಹೇಳಿದ್ದು ನಿಮಗೂ ನೆನಪಿರಬೇಕು: ಸರಿಗಮ ಕಂಬಗಳು, ಒಳಗಡೆ ಟೊಳ್ಳು, ಬ್ರಿಟಿಷರು ಕೊಯ್ದು ನೋಡಿದ್ರು, ಏನೂ ಸಿಗಲಿಲ್ಲ ಅಂತ. ಈಗ ಮುಟ್ಟೋಕೆ ಬಿಡಲ್ಲ, ಸರಿಯಾದ ಕೆಲಸಾನೇ. ಆದ್ರೆ ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಕಂಬಗಳನ್ನ ಅಳೆದು 2008ರಲ್ಲಿ ಪ್ರಕಟಿಸಿದ್ರು. ಕಂಬಗಳು ಟೊಳ್ಳಲ್ಲ, ಗಟ್ಟಿ ಕಲ್ಲು. ಬಡಿದಾಗ ತೆಳ್ಳಗಿನ ಕಂಬ ಬಾಗಿ ಬಾಗಿ ಅದುರುತ್ತೆ. ಎಷ್ಟು ಉದ್ದ, ಎಷ್ಟು ದಪ್ಪ ಅನ್ನೋದರ ಮೇಲೆ ಸ್ವರ.

ಇದರಲ್ಲಿ ಸ್ಪೀಕರ್ ಕೊಳ್ಳೋರಿಗೆ ಒಂದು ಪಾಠ ಇದೆ. ಹಂಪಿಯ ಕಂಬ ಹಾಡಬೇಕು. ಸ್ಪೀಕರ್ ಡಬ್ಬ ಮಾತ್ರ ಹಾಡಬಾರದು. ಹಾಡಬೇಕಾದ್ದು ಒಳಗಿರೋ ಕೋನ್. ಡಬ್ಬಾನೂ ಜೊತೆಗೆ ಅದುರಿದ್ರೆ ಮಾತಿನ ಮೇಲೆ ಮಂಜು ಕವಿದ ಹಾಗೆ ಆಗುತ್ತೆ. ಅಂಗಡೀಲಿ ಟವರ್ ಪಕ್ಕಕ್ಕೆ ಬೆರಳ ಗೆಣ್ಣಿಂದ ಒಂದ್ಸಲ ಬಡೀರಿ. ಡೊಂಯ್ ಅಂದ್ರೆ ಮುಂದಿನದು ನೋಡಿ. ಟಕ್ ಅಂತ ಸತ್ತ ಸದ್ದು ಬಂದ್ರೆ ಅದು ಒಳ್ಳೆ ಡಬ್ಬ.

ಮೈಕ್ ಇಲ್ಲದ ಬಯಲಾಟ

ನಮ್ಮಜ್ಜಿ ಊರು ಕಂಪ್ಲಿ ಹತ್ರ, ಹೊಳೆ ದಂಡೆ. ಭತ್ತ, ಕಬ್ಬು, ಬಾಳೆ. ಸುಗ್ಗಿ ಮುಗಿದ ಮೇಲೆ ದೊಡ್ಡಾಟ. ಅಜ್ಜಿ ಸಣ್ಣವರಿದ್ದಾಗ ಮೈಕೇ ಇರಲಿಲ್ಲವಂತೆ. ಬೆಳಗಿನವರೆಗೂ ಆಟ, ಹಿಂದೆ ಕೂತೋರಿಗೂ ಪ್ರತಿ ಮಾತು ತಿಳೀತಿತ್ತು. ಅದು ಹೇಗೆ? ಪಾತ್ರಧಾರಿ ಏರು ದನೀಲಿ, ಒಂದೊಂದೇ ಅಕ್ಷರ ಬಿಡಿಸಿ ಹೇಳ್ತಿದ್ದ. ಮದ್ದಳೆ ಅವನ ಮಾತಿಗೆ ಜಾಗ ಬಿಡ್ತಿತ್ತು. ನಡುವೆ ಬಡೀತಿತ್ತೇ ಹೊರತು ಮೇಲೆ ಬೀಳ್ತಿರಲಿಲ್ಲ.

ಆಮೇಲೆ ಹಾರ್ನ್ ಬಂತು. ಜಾತ್ರೇಲಿ ಮರಕ್ಕೆ ಕಟ್ಟೋ ಆ ತುತ್ತೂರಿ ಥರದ ಲೌಡ್‌ಸ್ಪೀಕರ್. ಅದರಲ್ಲಿ ಬಾಸ್ ಅನ್ನೋದೇ ಇಲ್ಲ, ಹಾಡು ಮೂಗಿನಲ್ಲಿ ಹಾಡಿದಂಗೆ ಇರುತ್ತೆ. ಆದ್ರೆ ಕಡಿಮೆ ಕರೆಂಟಲ್ಲಿ ಮಾತನ್ನ ಕಬ್ಬಿನ ಹೊಲ ದಾಟಿಸ್ತಿತ್ತು. ಮನುಷ್ಯನ ಮಾತು ಇರೋ ಮಧ್ಯದ ಪಟ್ಟಿಯನ್ನಷ್ಟೇ ಅದು ಹಿಡಿದು ದೂಡುತ್ತೆ, ಅದಕ್ಕೇ.

ನಾವು ಇವತ್ತು ಬಳಸೋ ಕೋನ್ ಸ್ಪೀಕರ್‌ಗೆ ಈಗಿನ ರೂಪ ಬಂದಿದ್ದು 1925ರಲ್ಲಿ, ಅಮೆರಿಕದ ರೈಸ್ ಮತ್ತು ಕೆಲಾಗ್ ಅನ್ನೋ ಇಬ್ಬರು ಎಂಜಿನಿಯರ್‌ಗಳಿಂದ. ಸುರುಳಿ ತಂತಿ, ಅದರ ಸುತ್ತ ಮ್ಯಾಗ್ನೆಟ್, ಮುಂದೆ ಕಾಗದದ ಕೋನ್. ಇದರಿಂದ ಬಾಸ್ ಬಂತು, ಬಾಸ್‌ಗೆ ದೊಡ್ಡ ಡಬ್ಬ ಬೇಕಾಯ್ತು. ಟವರ್ ಸ್ಪೀಕರ್ ಅಷ್ಟು ಎತ್ತರ ಇರೋದು ಶೋಕಿಗಲ್ಲ. ಒಳಗೆ ಗಾಳಿಗೆ ಜಾಗ ಬೇಕು, ಮೇಲಿನ ಟ್ವೀಟರ್ ಕೂತವರ ಕಿವಿ ಮಟ್ಟಕ್ಕೆ ಬರಬೇಕು.

ಇನ್ನು ಮ್ಯಾಗ್ನೆಟ್. ಹೆಚ್ಚಿನ ಸ್ಪೀಕರ್‌ಗಳಲ್ಲಿ ಇರೋದು ಫೆರೈಟ್ ಮ್ಯಾಗ್ನೆಟ್. ಫಿಲಿಪ್ಸ್ ಕಂಪನಿ 1950ರ ದಶಕದಲ್ಲಿ ತಂದಿದ್ದು. ಅದರಲ್ಲಿ ಬಹುಪಾಲು ಐರನ್ ಆಕ್ಸೈಡ್. ಸಂಡೂರಿನ ಗುಡ್ಡದ ಕೆಂಪು ಅದಿರೂ ಐರನ್ ಆಕ್ಸೈಡೇ. ನಿಮ್ಮ ಸ್ಪೀಕರಲ್ಲಿ ಸಂಡೂರಿನ ಮಣ್ಣೇ ಇದೆ ಅಂತ ಹೇಳ್ತಿಲ್ಲ. ಒಂದೇ ಮನೆತನ ಅಂತ ಹೇಳ್ತಿದ್ದೀನಿ.

ಚಂಡೀಗಢದಲ್ಲಿದ್ದ ಡಾಲ್ಬಿ

ರಿಸೀವರ್ ಡಬ್ಬದ ಮೇಲೆ ಡಾಲ್ಬಿ ಅಂತ ಬರೆದಿರುತ್ತಲ್ಲ, ಅದು ಒಬ್ಬ ಮನುಷ್ಯನ ಹೆಸರು. ರೇ ಡಾಲ್ಬಿ. 1963ರಿಂದ 1965ರವರೆಗೆ ಯುನೆಸ್ಕೋ ಸಲಹೆಗಾರರಾಗಿ ಅವರು ನಮ್ಮ ದೇಶದಲ್ಲೇ, ಚಂಡೀಗಢದಲ್ಲಿದ್ರು. ಇಲ್ಲಿನ ಸಂಗೀತವನ್ನ ಟೇಪಲ್ಲಿ ರೆಕಾರ್ಡ್ ಮಾಡ್ತಿದ್ರು. ಮೆಲ್ಲಗಿನ ಸ್ವರ ಬಂದಾಗ ಟೇಪಿನ ಸ್ಸ್ ಅನ್ನೋ ಸದ್ದು ಅದನ್ನ ಮುಚ್ಚಿಬಿಡ್ತಿತ್ತು. 1965ರಲ್ಲಿ ಲಂಡನ್‌ಗೆ ಹೋಗಿ ಕಂಪನಿ ತೆಗೆದ್ರು. ಮೊದಲ ಪ್ರಾಡಕ್ಟ್ ಇದಕ್ಕೇ ಮದ್ದು: ರೆಕಾರ್ಡ್ ಮಾಡುವಾಗ ಮೆಲ್ಲಗಿನ ಸದ್ದನ್ನ ಎತ್ತೋದು, ಕೇಳಿಸುವಾಗ ಮತ್ತೆ ಅಷ್ಟೇ ಇಳಿಸೋದು. ಜೊತೆಗೆ ಟೇಪಿನ ಸ್ಸ್ ಕೂಡ ಇಳಿದುಹೋಗುತ್ತೆ.

ಡಾಲ್ಬಿ ಅಂದ್ರೆ ಎದೆ ನಡುಗಿಸೋ ಸದ್ದು ಅಂತ ನಾವು ಅಂದ್ಕೊಂಡಿದ್ದೀವಿ. ಆ ಕಂಪನಿ ಶುರುವಾಗಿದ್ದು ಮೆಲ್ಲಗಿನ ಸದ್ದನ್ನ ಕಾಪಾಡೋಕೆ.

ಆಮೇಲೆ ಸಿನಿಮಾಕ್ಕೆ ಬಂದಾಗಲೂ ಅವರು ಪರದೆ ಹಿಂದೆ ನಡುವೆ ಒಂದು ಚಾನಲ್ ಇಟ್ಟರು. ಎಡಗಡೆ ಮೂಲೇಲಿ ಕೂತವನಿಗೂ ಮಾತು ಪರದೆ ಮಧ್ಯದಿಂದಲೇ ಬರಬೇಕು ಅಂತ. ನಡುವಿನ ಚಾನಲ್ ಅನ್ನೋದು ಹೊಸ ಯೋಚನೆ ಅಲ್ಲ. 1933ರಲ್ಲಿ ಬೆಲ್ ಲ್ಯಾಬ್ಸ್‌ನವರು ಫಿಲಡೆಲ್ಫಿಯಾದ ಆರ್ಕೆಸ್ಟ್ರಾವನ್ನ ತಂತಿ ಮೂಲಕ ವಾಷಿಂಗ್ಟನ್‌ಗೆ ಕಳಿಸಿದಾಗಲೇ ಎಡ, ನಡು, ಬಲ ಅಂತ ಮೂರು ಚಾನಲ್ ಬಳಸಿದ್ರು. ಮನೆಗೆ ಆ ನಡುವಿನ ಸ್ಪೀಕರ್ ಡಾಲ್ಬಿ ಪ್ರೋ ಲಾಜಿಕ್ ಜೊತೆ ಬಂದಿದ್ದು 1987ರಲ್ಲಿ. ಇವತ್ತು 5.1 ಸಿನಿಮಾದಲ್ಲಿ ಹೆಚ್ಚುಕಮ್ಮಿ ಎಲ್ಲಾ ಮಾತೂ ಬರೋದು ಆ ನಡುವಿನ ಒಂದು ಸ್ಪೀಕರಿಂದ. ನಾವು ದುಡ್ಡು ಹಾಕೋದು ಮಾತ್ರ ಪಕ್ಕದ ಎರಡು ಟವರ್‌ಗೆ.

ಮೈನಿಂಗ್ ದುಡ್ಡು, 5,000 ವ್ಯಾಟ್

ಈಗ ನಮ್ಮನೆ ಕಥೆ. 2003–04ರ ಮೇಲೆ ಚೀನಾದಿಂದ ಅದಿರಿಗೆ ಬೇಡಿಕೆ ಏರಿತು. 2008ಕ್ಕೆ ಬೀಜಿಂಗ್ ಒಲಿಂಪಿಕ್ಸ್ ಬೇರೆ. ಸಂಡೂರು, ಹೊಸಪೇಟೆ ರೋಡಲ್ಲಿ ಹಗಲು ರಾತ್ರಿ ಲಾರಿ. ಮರದ ಎಲೆ, ಬಟ್ಟೆ, ರೊಟ್ಟಿ, ಎಲ್ಲದರ ಮೇಲೂ ಕೆಂಪು ಧೂಳು. ಅಪ್ಪ ಸಾಲ ಮಾಡಿ ಒಂದು ಲಾರಿ ತಗೊಂಡ್ರು, ತಾವೇ ಓಡಿಸಿದ್ರು. ಕ್ಯಾಬಿನ್ ಒಳಗೆ ಎಂಜಿನ್ ಗದ್ದಲ, ಹೊರಗೆ ಲೋಡಿಂಗ್, ಕ್ರಷರ್. ಕಿವಿಗೆ ಹತ್ತಿ ಇಟ್ಕೊಂಡೋರನ್ನ ಬೇರೆ ಡ್ರೈವರ್‌ಗಳು ನಗ್ತಿದ್ರಂತೆ.

2009ರಲ್ಲಿ ಮನೆಗೆ ಹೋಂ ಥಿಯೇಟರ್ ಬಂತು. ಡಬ್ಬದ ಮೇಲೆ 5,000 ವ್ಯಾಟ್ ಪಿ.ಎಂ.ಪಿ.ಒ. ಅಂತ ಬರೆದಿತ್ತು. ಓಣಿಗೆ ಓಣಿಯೇ ಬಂದು ಕೇಳ್ತು. ವರ್ಷಗಳ ಮೇಲೆ ಅದರ ಹಿಂದಿನ ಚೀಟಿ ಓದಿದೆ: ಎಳ್ಕೊಳ್ಳೋ ಕರೆಂಟು 60 ವ್ಯಾಟ್. ಖರೀದಿ 60, ಮಾರಾಟ 5,000. ಯಾವ ಆಡಿಟರ್ ಸೈನ್ ಹಾಕ್ತಾನೆ ಹೇಳಿ? ಪಿ.ಎಂ.ಪಿ.ಒ. ಅನ್ನೋದಕ್ಕೆ ಒಪ್ಪಿದ ಅಳತೆಯೇ ಇಲ್ಲ. ಬರೆದೋರು ಬರೆದಷ್ಟು.

ಆ ಕಾಲದ ಊರಿನ ಲೆಕ್ಕವೂ ಹಾಗೇ ಇತ್ತು ಅನ್ಸುತ್ತೆ. 2011ರ ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟರು. 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಲೇಬೇಕಿತ್ತು, ಗುಡ್ಡ ಕರಗ್ತಿತ್ತು. ಆದ್ರೆ ನಮ್ಮನೆ ಮುಂದೆ ಲಾರಿ ನಿಂತಿತು, ಕಂತು ನಿಲ್ಲಲಿಲ್ಲ. ಮುಂದಿನ ವರ್ಷ ಫೈನಾನ್ಸ್‌ನವರು ಲಾರಿ ತಗೊಂಡು ಹೋದ್ರು. ಹೋಂ ಥಿಯೇಟರ್ ಯಾರಿಗೂ ಬೇಡವಾಗಿತ್ತು, ಮನೇಲೇ ಉಳೀತು. ಅಪ್ಪನ ಕಿವಿಗೆ ಆದ ಡ್ಯಾಮೇಜೂ ಉಳೀತು.

ಗದ್ದಲದಿಂದ ಕಿವಿ ಹೋದ್ರೆ ಪೂರ್ತಿ ಹೋಗಲ್ಲ. ಮೊದಲು 4,000 ಹರ್ಟ್ಸ್ ಆಸುಪಾಸು ಹೋಗುತ್ತೆ. ಸ, ಶ, ಚ, ತ, ಕ ಇಂಥ ವ್ಯಂಜನಗಳ ಮೊನೆ ಇರೋದು ಆ ಎತ್ತರದ ಪಟ್ಟೀಲಿ. ಸ್ವರಗಳು ಕೆಳಗಿರ್ತಾವೆ, ಅವು ಚೆನ್ನಾಗಿ ಕೇಳ್ತವೆ. ಅದಕ್ಕೇ ಅಪ್ಪನಿಗೆ ಸದ್ದು ಕೇಳುತ್ತೆ, ಮಾತು ತಿಳಿಯಲ್ಲ. ವಾಲ್ಯೂಮ್ ಏರಿಸಿದ್ರೆ ಬಾಸ್ ಏರುತ್ತೆ, ಮಾತು ಇನ್ನೂ ಮುಳುಗುತ್ತೆ. ನಾವು ಹತ್ತು ವರ್ಷ "ಎಷ್ಟು ಜೋರಾಗಿ ಇಡ್ತೀರಪ್ಪ" ಅಂತ ರೇಗಿದ್ವಿ.

ಹಾಗಾದ್ರೆ ಏನು ತಗೊಂಡೆ?

ಬ್ರ್ಯಾಂಡ್ ಹೇಳಲ್ಲ. ಆರಿಸಿದ ಕ್ರಮ ಹೇಳ್ತೀನಿ.

ಮೊದಲು ಕೋಣೆ. ನಮ್ಮ ಹಾಲ್ 12 ಅಡಿಗೆ 14 ಅಡಿ. ಗ್ರಾನೈಟ್ ನೆಲ, ಆರ್.ಸಿ.ಸಿ. ಚಾವಣಿ. ಚಪ್ಪಾಳೆ ಹೊಡೆದ್ರೆ ಉತ್ತರ ಕೊಡುತ್ತೆ. 14 ಅಡಿ ಉದ್ದದ ಕೋಣೆ ತಾನೇ ಸುಮಾರು 40 ಹರ್ಟ್ಸ್‌ನಲ್ಲಿ ಗುಂಯ್‌ಗುಡುತ್ತೆ. ಅಷ್ಟು ಕೆಳಗಿನ ಬಾಸ್ ಕೊಡೋ ದೊಡ್ಡ ಟವರ್ ಗೋಡೆಗೆ ಅಂಟಿಸಿ ಇಟ್ರೆ ಬರೀ ಗುಂಯ್ಯೇ. ಹಾಗಾಗಿ ಸಣ್ಣ ಟವರ್ ಆರಿಸಿ ಗೋಡೆಯಿಂದ ಒಂದೂವರೆ ಎರಡು ಅಡಿ ಮುಂದೆ ಇಟ್ಟೆ.

1895ರಲ್ಲಿ ಹಾರ್ವರ್ಡ್‌ನಲ್ಲಿ ವಾಲೇಸ್ ಸಬೈನ್ ಅನ್ನೋ ಯುವ ಅಧ್ಯಾಪಕರಿಗೆ ಒಂದು ಹಾಲ್‌ನ ಪ್ರತಿಧ್ವನಿ ಸರಿ ಮಾಡೋ ಕೆಲಸ ಬಂತು. ಅವರು ರಾತ್ರಿ ಹೊತ್ತು ಬೇರೆ ಥಿಯೇಟರಿನ ಸೀಟಿನ ದಿಂಬುಗಳನ್ನ ಹೊತ್ತು ತಂದು, ಒಂದೊಂದಾಗಿ ಇಟ್ಟು, ಸದ್ದು ಎಷ್ಟು ಸೆಕೆಂಡಲ್ಲಿ ಸಾಯುತ್ತೆ ಅಂತ ಅಳೆದ್ರು. ನಮ್ಮನೇಲಿ ದಿಂಬಿನ ಬದಲು ಅಜ್ಜಿ ಹೊಲಿದ ಕೌದಿ ಇತ್ತು. ಒಂದು ನೆಲಕ್ಕೆ, ಒಂದು ಹಿಂದಿನ ಗೋಡೆಗೆ. ಖರ್ಚು ಸೊನ್ನೆ, ವ್ಯತ್ಯಾಸ ಅಪ್ಪನಿಗೂ ಗೊತ್ತಾಯ್ತು.

ಎರಡನೇದು ಸೆಂಟರ್ ಸ್ಪೀಕರ್. ಟವರ್‌ನ ಅದೇ ಸೀರೀಸ್‌ನದ್ದು, ಇಲ್ಲಾಂದ್ರೆ ಪಾತ್ರ ನಡೆದಂಗೆ ದನಿ ಬದಲಾಗುತ್ತೆ. ಟವರ್‌ನಲ್ಲಿ ಒಂದು ಮಟ್ಟ ಇಳಿದು, ಉಳಿದ ದುಡ್ಡನ್ನ ಇದಕ್ಕೆ ಹಾಕಿದೆ.

ಮೂರನೇದು ರಿಸೀವರ್. ಇಲ್ಲಿ ವ್ಯಾಟ್ ಗ್ರಾಸ್ ಇದ್ದಂಗೆ, ನೀವು ನೆಟ್ ನೋಡಬೇಕು. ಒಂದೇ ಚಾನಲ್, 1 ಕಿಲೋಹರ್ಟ್ಸ್, 10 ಪರ್ಸೆಂಟ್ ಡಿಸ್ಟಾರ್ಶನ್‌ನಲ್ಲಿ ಅಳೆದ ನಂಬರ್ ಬಿಟ್ಟುಬಿಡಿ. ಎರಡು ಚಾನಲ್ ಒಟ್ಟಿಗೆ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ ಅಂತ ಬರೆದ ನಂಬರ್ ಹಿಡೀರಿ. ಜೊತೆಗೆ ಸ್ಪೀಕರ್‌ನ ಸೆನ್ಸಿಟಿವಿಟಿ ನೋಡಿ. 87 ಡೆಸಿಬೆಲ್‌ನದ್ದಕ್ಕಿಂತ 90ರದ್ದು ಅರ್ಧ ಪವರ್‌ನಲ್ಲಿ ಅಷ್ಟೇ ಸದ್ದು ಕೊಡುತ್ತೆ. ನಮ್ಮಂಥ ಹಾಲ್‌ನಲ್ಲಿ ದಿನಾ ಟಿವಿ ನೋಡೋಕೆ ಖರ್ಚಾಗೋದು 1 ವ್ಯಾಟ್‌ಗಿಂತ ಕಮ್ಮಿ. ಸಿನಿಮಾದ ಸ್ಫೋಟಕ್ಕೆ ನೂರು ಪಟ್ಟು ಬೇಕಾದ್ರೂ ಒಳ್ಳೆ 80 ವ್ಯಾಟ್ ಸಾಕು. ಸ್ಪೀಕರ್ 4 ಓಮ್‌ನದ್ದಾದ್ರೆ ರಿಸೀವರ್ ಅದನ್ನ ತಡೆಯುತ್ತಾ ಅಂತ ಕೇಳಿ. ನಮ್ಮೂರ ಬೇಸಿಗೆ 40 ಡಿಗ್ರಿ ದಾಟುತ್ತೆ, ಹಾಗಾಗಿ ರಿಸೀವರ್ ಮೇಲೆ ಗಾಳಿಗೆ ಜಾಗ ಬಿಡಿ, ಕಪಾಟಲ್ಲಿ ಮುಚ್ಚಿಡಬೇಡಿ.

ಡೆಮೋಗೆ ನಾನು ಹಾಡು ಒಯ್ಯಲಿಲ್ಲ. ಪೆನ್‌ಡ್ರೈವಲ್ಲಿ ಕನ್ನಡ ವಾರ್ತೆ ಒಯ್ದೆ. ಅಪ್ಪ ಕಣ್ಣು ಮುಚ್ಚಿ ಕೂತು ಕೇಳಿದ ವಾಕ್ಯ ತಿರುಗಿ ಹೇಳ್ಬೇಕು. ಅಂಗಡಿ ಹುಡುಗ ನಕ್ಕ. ಮೂರನೇ ಸೆಟ್‌ಗೆ ಅಪ್ಪ ಪೂರ್ತಿ ವಾಕ್ಯ ಹೇಳಿದ್ರು. ಬಿಲ್ ಮಾಡಿಸಿದೆ.

ಮೊದಲ ರಾತ್ರಿ ಅಪ್ಪ ಕೇಳಿದ್ದು ಶ್ರೀ ಕೃಷ್ಣದೇವರಾಯ ಸಿನಿಮಾ, 1970ರದ್ದು, ರಾಜ್‌ಕುಮಾರ್ ಅವರದ್ದು. ಹಳೇ ಮೋನೋ ಸೌಂಡ್. ಡಾಲ್ಬಿ ಸರೌಂಡ್ ಮೋಡ್‌ನಲ್ಲಿ ಎಡ ಬಲ ಒಂದೇ ಇರೋ ಸದ್ದನ್ನ ರಿಸೀವರ್ ನಡುವಿಗೇ ಕಳಿಸುತ್ತೆ. ಸೆಂಟರ್ 3 ಡೆಸಿಬೆಲ್ ಏರಿಸಿದ್ದೆ. ಅಪ್ಪ ಪಾತ್ರಗಳ ಜೊತೆ ತಾವೂ ಮಾತು ಹೇಳ್ತಾ ಕೂತ್ರು. ಅರ್ಧ ಗಂಟೆ ಆದ್ಮೇಲೆ ಟವರ್ ಹತ್ರ ಹೋಗಿ ಕಿವಿ ಇಟ್ಟು, "ಇವೆರಡೂ ಸುಮ್ನೆ ನಿಂತಾವಲ್ಲೋ?" ಅಂದ್ರು. ಹೌದಪ್ಪ, ಇವತ್ತು ಅವಕ್ಕೆ ಕೆಲಸ ಇಲ್ಲ ಅಂದೆ.

ಸ್ಪೀಕರ್ ಕಿವಿಗೆ ಔಷಧ ಅಲ್ಲ. ಟೆಸ್ಟ್ ಮಾಡಿಸಿದ್ವಿ. ಹೋದ ಕಿವಿ ವಾಪಸ್ ಬರಲ್ಲ ಅಂದ್ರು, ಹಿಯರಿಂಗ್ ಏಡ್ ನೋಡ್ತಿದ್ದೀವಿ. ಮೊದಲೇ ಹೇಳಿದ ವಾಲ್ಯೂಮ್ ವಿಷಯ ಇದೇ: ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ಆದ್ರೆ ವಾರಕ್ಕೆ 40 ಗಂಟೆ. ಅದಕ್ಕಿಂತ ಜೋರಾದಷ್ಟೂ ಟೈಮ್ ಕಮ್ಮಿ. ಅಪ್ಪನಿಗೆ ಲಾರಿ ಬಿಡೋ ದಾರಿ ಇರಲಿಲ್ಲ. ನಿಮ್ಮ ಕೈಲಿ ಬಟನ್ ಇದೆ.