ಪೈನ್ ಸಸಿ ಕೊಂದದ್ದು ಯಾರು?

ಬೆಳೆ ಹಾಳಾದ ಸುದ್ದಿ ಬರೆಯುವಾಗ ನಾವು ‘ಹುಳುಬಾಧೆ’ ಎಂದು ಒಂದೇ ಪದದಲ್ಲಿ ಮುಗಿಸಿಬಿಡುತ್ತೇವೆ. ಯಾವ ಹುಳು, ಎಲ್ಲಿ ಹುಟ್ಟಿತು, ಯಾಕೆ ಹೆಚ್ಚಾಯಿತು ಎಂದು ಕೇಳುವುದು ಕಡಿಮೆ. ಯುರೋಪಿನ ಪೈನ್ ಕಾಡುಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದ ಕಥೆ ನಮ್ಮಂಥವರಿಗೆ ಒಳ್ಳೆಯ ಪಾಠ.

ತೆಂಗು ಬೆಳೆಯುವವರಿಗೆ ಕೆಂಪುಮೂತಿ ಹುಳು ಗೊತ್ತು. ಅದೇ ಬಳಗದ ಒಂದು ಕಂದು ಮೂತಿಹುಳು ಪೈನ್ ಸಸಿಗಳ ಶತ್ರು. 1758ರಲ್ಲಿ ಲಿನೇಯಸ್ ಅದಕ್ಕೆ ಹೆಸರಿಟ್ಟ. ಈಗಿನ ಹೆಸರು ಹೈಲೋಬಿಯಸ್ ಅಬೀಟಿಸ್. ಹೆಸರಿನಲ್ಲಿರುವುದು ಫರ್ ಮರ, ಆದರೆ ಪೈನ್ ಸಸಿಯನ್ನೂ ಅದು ಬಿಡುವುದಿಲ್ಲ.

ಹೆಸರಿಟ್ಟ ಮಾತ್ರಕ್ಕೆ ಸಸಿ ಉಳಿಯಲಿಲ್ಲ. 19ನೇ ಶತಮಾನದಲ್ಲಿ ಜರ್ಮನ್ ನಾಡುಗಳಲ್ಲಿ ಕಾಡನ್ನು ಒಮ್ಮೆಲೇ ಕಡಿದು, ಅಲ್ಲಿಯೇ ಸಾಲು ಸಾಲಾಗಿ ಸಸಿ ನೆಡುವ ಪದ್ಧತಿ ಬೆಳೆಯಿತು. ಹುಳುವಿಗೆ ಬೇಕಾದದ್ದೂ ಅದೇ. ಹೊಸದಾಗಿ ಕಡಿದ ಬೊಡ್ಡೆಯ ರಾಳದ ವಾಸನೆಗೆ ಅದು ಬರುತ್ತದೆ, ಬೊಡ್ಡೆಯ ಬೇರಿನ ಬಳಿ ಮೊಟ್ಟೆಯಿಡುತ್ತದೆ. ಮರಿಹುಳು ಸತ್ತ ಬೇರಿನ ತೊಗಟೆ ತಿಂದು ಬೆಳೆಯುತ್ತದೆ. ಅದರಿಂದ ಯಾರಿಗೂ ನಷ್ಟವಿಲ್ಲ. ನಷ್ಟ ಮಾಡುವುದು ದೊಡ್ಡ ಹುಳು. ಅದು ಪಕ್ಕದ ಎಳೆಯ ಸಸಿಯ ಬುಡದ ತೊಗಟೆ ಕೆರೆದು ತಿನ್ನುತ್ತದೆ. ಗಾಯ ಕಾಂಡವನ್ನು ಸುತ್ತಿಕೊಂಡರೆ ಸಸಿ ಸತ್ತಂತೆಯೇ.

ಇಂಥ ಹುಳುಗಳ ಲೆಕ್ಕ ಬರೆದಿಟ್ಟವರಲ್ಲಿ ಮುಖ್ಯನಾದವನು ಯೂಲಿಯುಸ್ ರಾಟ್ಸೆಬುರ್ಗ್ (1801–1871). ಬರ್ಲಿನ್ ಸಮೀಪದ ಎಬರ್ಸ್‌ವಾಲ್ಡೆಯ ಅರಣ್ಯ ಶಾಲೆಯಲ್ಲಿ 1830ರಿಂದ ಪಾಠ ಹೇಳಿದ ಅವನು, 1837ರಿಂದ 1844ರ ನಡುವೆ ಕಾಡಿನ ಕೀಟಗಳ ಕುರಿತು ಮೂರು ಸಂಪುಟ ಹೊರತಂದ. ಅದರ ಚಿತ್ರಗಳಲ್ಲಿ ಕೀಟದ ಜೊತೆಗೆ ಅದು ಮಾಡಿದ ಗಾಯವೂ ಇತ್ತು. ಇದು ಬಹಳ ಉಪಯೋಗಕ್ಕೆ ಬಂತು, ಏಕೆಂದರೆ ನಾವು ಹೋಗುವಷ್ಟರಲ್ಲಿ ಹುಳು ಇರುವುದಿಲ್ಲ, ಗಾಯ ಇರುತ್ತದೆ.

ಗಾಯ ಓದುವುದು ಹೀಗೆ: ನೆಲದ ಮೇಲೆ ಬುಡದ ತೊಗಟೆ ತೇಪೆ ತೇಪೆಯಾಗಿ ಹೋಗಿ ರಾಳ ಒಸರಿದ್ದರೆ ಕಂದು ಮೂತಿಹುಳು. ಮಣ್ಣಿನೊಳಗೆ ಬೇರಿನ ತೊಗಟೆ ಹೋಗಿದ್ದರೆ ಕಪ್ಪು ತೊಗಟೆದುಂಬಿಯ ಮೇಲೆ ಅನುಮಾನ. ತುದಿಚಿಗುರು ಬಾಗಿ ಮತ್ತೆ ಕೊಂಬಿನಂತೆ ಮೇಲೆದ್ದಿದ್ದರೆ ಅದು ಚಿಗುರು ಕೊರೆಯುವ ಪತಂಗದ ಮರಿಯ ಕೆಲಸ. ಈ ಪತಂಗ ಯುರೋಪಿನಿಂದ ಅಮೆರಿಕಕ್ಕೂ ಹೋಯಿತು; 1914ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ಅದನ್ನು ಗುರುತಿಸಿದರು.

ಹಿಂದೆ ಹಸಿ ತೊಗಟೆಯ ತುಂಡುಗಳನ್ನು ನೆಲದಲ್ಲಿಟ್ಟು, ಅಡಿಗೆ ಸೇರಿದ ಮೂತಿಹುಳುಗಳನ್ನು ಕೈಯಿಂದಲೇ ಆರಿಸುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಡಿಡಿಟಿ ಬಂತು, ಸಸಿಗಳಿಗೆ ಬಳಿದೇ ನೆಟ್ಟರು. ಅದರ ವಿಷ ಅರಿವಾದ ಮೇಲೆ ಅದನ್ನೂ ಬಿಡಬೇಕಾಯಿತು. ಈಗ ಸ್ವೀಡನ್ನಿನಲ್ಲಿ ಸಸಿಯ ಬುಡಕ್ಕೆ ಮೇಣ ಅಥವಾ ಮರಳಿನ ಲೇಪ ಹಚ್ಚುತ್ತಾರೆ.

ಹುಳು ಹೊಸದಲ್ಲ, ಅದು ಕಾಡಿನಲ್ಲಿ ಮೊದಲೇ ಇತ್ತು. ಅದಕ್ಕೆ ಎಕರೆಗಟ್ಟಲೆ ಬೊಡ್ಡೆ, ಪಕ್ಕದಲ್ಲೇ ಎಳೆ ಸಸಿ ಒದಗಿಸಿದವರು ಮನುಷ್ಯರು. ಮುಂದಿನ ಬಾರಿ ‘ಹುಳುಬಾಧೆ’ ಎಂದು ಬರೆಯುವ ಮೊದಲು ನಾವು ಸಸಿಯ ಬುಡ ನೋಡೋಣ, ಆಮೇಲೆ ಸುತ್ತಲಿನ ಜಮೀನನ್ನೂ ನೋಡೋಣ.