ಕಂಪ್ಯೂಟರಿನ ಲಿಕ್ವಿಡ್ ಕೂಲರ್‌ಗೆ ವರ್ಷಕ್ಕೊಮ್ಮೆ ನೀರು ತುಂಬಿಸಬೇಕೇ? ಹಳೆಯ ಎಸ್‌ಎಂಪಿಎಸ್ ಕೇಬಲ್ ಹೊಸದಕ್ಕೆ ನಡೆಯುತ್ತದೆಯೇ?

ಅಣ್ಣಿಗೇರಿಯಲ್ಲಿ ಮದುವೆ ವಿಡಿಯೊ ಮಿಕ್ಸಿಂಗ್ ಮಾಡುವ ಅಂಗಡಿಯೊಂದರ ಕಂಪ್ಯೂಟರ್ ಏಪ್ರಿಲ್‌ನಲ್ಲಿ ಕೆಲಸದ ನಡುವೆಯೇ ಆಫ್ ಆಗತೊಡಗಿತು. ನೋಡಲು ಬಂದ ಮೊದಲನೆಯವರು ಹೇಳಿದ್ದು: "ಕೂಲರ್‌ನ್ಯಾಗಿನ ನೀರು ಖಾಲಿ ಆಗೈತ್ರಿ, ತುಂಬಿಸಬೇಕು." ಅದೇ ಮಾತಿರುವ ಫಾರ್ವರ್ಡ್ ಸಂದೇಶವನ್ನೂ ಅಂಗಡಿಯವರಿಗೆ ತೋರಿಸಿದರು. ಎರಡನೆಯವರು ಎಸ್‌ಎಂಪಿಎಸ್ ಹೋಗಿದೆ ಎಂದು ಹೊಸದು ತಂದು ಕೂರಿಸಿದರು. ಒಳಗಿನ ಕೇಬಲ್‌ಗಳನ್ನೆಲ್ಲ ಬಿಚ್ಚುವುದು ತಲೆನೋವು ಎಂದು ಹಳೆಯ ಕೇಬಲ್‌ಗಳನ್ನೇ ಹೊಸದಕ್ಕೆ ಚುಚ್ಚಿದರು. ಸ್ವಿಚ್ ಒತ್ತಿದ ಕ್ಷಣಕ್ಕೆ ಎರಡು ಹಾರ್ಡ್ ಡಿಸ್ಕ್ ಸತ್ತವು. ಇನ್ನೂ ಗ್ರಾಹಕರಿಗೆ ಕೊಟ್ಟಿರದ ಮೂರು ಮದುವೆಗಳ ವಿಡಿಯೊ ಅವುಗಳಲ್ಲಿತ್ತು.

ನಾವು ಹೋಗಿ ನೋಡಿದಾಗ ಮೂಲ ತೊಂದರೆ ಇವೆರಡೂ ಆಗಿರಲಿಲ್ಲ. ರೇಡಿಯೇಟರಿನ ಸಂದುಗಳಲ್ಲಿ ಎರೆ ಮಣ್ಣಿನ ಧೂಳು ಕಂಬಳಿಯ ಹಾಗೆ ಮೆತ್ತಿಕೊಂಡಿತ್ತು.

ಹೇಳಿಕೆ 1: ಲಿಕ್ವಿಡ್ ಕೂಲರ್‌ಗೆ ನೀರು ತುಂಬಿಸುತ್ತಿರಬೇಕು

ಬಹುತೇಕ ಕೂಲರ್‌ಗಳ ವಿಷಯದಲ್ಲಿ ಇದು ತಪ್ಪು. ಈ ಗೊಂದಲಕ್ಕೆ 'ಕೂಲರ್' ಎಂಬ ಹೆಸರೇ ಅರ್ಧ ಕಾರಣ ಎಂಬುದು ನಮ್ಮ ಅನುಮಾನ. ನವಲಗುಂದದ ಬಿಸಿಲಿನಲ್ಲಿ ಕೂಲರ್ ಎಂದರೆ ದಿನಾ ಕೊಡದಿಂದ ನೀರು ಸುರಿಯುವ ಡಬ್ಬ. ಅಲ್ಲಿ ನೀರು ಆವಿಯಾಗುವುದರಿಂದಲೇ ತಂಪು. ಕಂಪ್ಯೂಟರಿನ ಲಿಕ್ವಿಡ್ ಕೂಲರ್ ಕೆಲಸ ಮಾಡುವುದು ಟ್ರ್ಯಾಕ್ಟರಿನ ರೇಡಿಯೇಟರ್ ಹಾಗೆ. ಪ್ರೊಸೆಸರ್ ಮೇಲೆ ತಾಮ್ರದ ತಟ್ಟೆ, ಅದರ ಜೊತೆ ಪುಟ್ಟ ಪಂಪು, ಎರಡು ಕೊಳವೆ, ಕೊನೆಗೆ ಫ್ಯಾನ್ ಇರುವ ರೇಡಿಯೇಟರ್. ಒಳಗಿನ ದ್ರವ ಸುತ್ತುತ್ತಾ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ.

ಈ ದ್ರವ ಬರೀ ನೀರಲ್ಲ. ಶುದ್ಧ ನೀರಿನ ಜೊತೆ ಗ್ಲೈಕಾಲ್ ಮತ್ತು ಲೋಹ ತುಕ್ಕು ಹಿಡಿಯದಂತೆ ತಡೆಯುವ ರಾಸಾಯನಿಕಗಳಿರುತ್ತವೆ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಕೂಲರ್‌ಗಳನ್ನು ಕಾರ್ಖಾನೆಯಲ್ಲೇ ತುಂಬಿ ಸೀಲ್ ಮಾಡಿರುತ್ತಾರೆ. ವರ್ಷಗಳು ಕಳೆದಂತೆ ರಬ್ಬರ್ ಕೊಳವೆಯ ಮೂಲಕ ಸ್ವಲ್ಪ ಸ್ವಲ್ಪ ಆರಿಹೋಗುವುದು ನಿಜ, ಆದರೆ ಐದಾರು ವರ್ಷಕ್ಕೆ ಲೆಕ್ಕ ಹಾಕಿಯೇ ಅವು ತಯಾರಾಗಿರುತ್ತವೆ. ಅಷ್ಟು ಹಳೆಯದಾದ ಮೇಲೆ ಬದಲಾಯಿಸುವುದೇ ದಾರಿ.

ಸೀಲ್ ಒಡೆದು ನಮ್ಮ ಭಾಗದ ಬೋರ್ ನೀರು ತುಂಬಿಸಿದರೆ? ನವಲಗುಂದ, ಅಣ್ಣಿಗೇರಿ ಕಡೆ ಬೋರ್ ನೀರು ಸವಳು ಎಂದು ಜನ ಕೆರೆ ನೀರನ್ನೇ ಕುಡಿಯುತ್ತಾ ಬಂದವರು. ಆ ಉಪ್ಪು ತಾಮ್ರದ ತಟ್ಟೆಯ ಕೂದಲೆಳೆಯಂಥ ಕಾಲುವೆಗಳಲ್ಲಿ ಕಟ್ಟಿಕೊಳ್ಳುತ್ತದೆ, ಲೋಹವನ್ನೂ ತಿನ್ನುತ್ತದೆ. ಎಷ್ಟು ಸಣ್ಣ ಕಲಬೆರಕೆ ಸಾಕು ಎಂಬುದಕ್ಕೆ ಒಂದು ಉದಾಹರಣೆ: 2022ರಲ್ಲಿ ಆರ್ಕ್ಟಿಕ್ ಕಂಪನಿ ತನ್ನ ಲಿಕ್ವಿಡ್ ಫ್ರೀಜರ್ 2 ಕೂಲರ್‌ಗಳಲ್ಲಿ ರಬ್ಬರ್ ಗ್ಯಾಸ್ಕೆಟ್‌ನೊಳಗೆ ಉಳಿದಿದ್ದ ಗಂಧಕದಿಂದ ತಾಮ್ರ ಹಾಳಾಗಬಹುದೆಂದು ಒಪ್ಪಿಕೊಂಡು, ಹೊಸ ಗ್ಯಾಸ್ಕೆಟ್ ಕಿಟ್‌ಗಳನ್ನು ಉಚಿತವಾಗಿ ಕೊಡಬೇಕಾಯಿತು.

ಹೇಳಿಕೆ 2: ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತಿದೆ, ಒಳಗೆ ನೀರು ಸೋರಿದೆ

ಇದನ್ನು ಕುಂದಗೋಳದಲ್ಲೂ ಕಲಘಟಗಿಯಲ್ಲೂ ಕೇಳಿದ್ದೇವೆ. ಜುಮ್ ಎನ್ನುವುದು ಸುಳ್ಳಲ್ಲ, ಕಾರಣ ಬೇರೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಲ್ಲಿ ಲೈನಿನಿಂದ ಕ್ಯಾಬಿನೆಟ್ಟಿಗೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅವುಗಳಿಂದ ಬರುವ ಅಲ್ಪ ಕರೆಂಟ್ ಅರ್ಥಿಂಗ್ ಮೂಲಕ ನೆಲ ಸೇರಬೇಕು. ಅರ್ಥಿಂಗ್ ಇಲ್ಲದಿದ್ದರೆ 230 ವೋಲ್ಟಿನ ಸುಮಾರು ಅರ್ಧದಷ್ಟು ಕ್ಯಾಬಿನೆಟ್ ಮೇಲೆ ನಿಲ್ಲುತ್ತದೆ. ಟೆಸ್ಟರ್ ಇಟ್ಟರೆ ಮಿಣುಕುತ್ತದೆ. ನೀರಿನ ಕೂಲರೇ ಇಲ್ಲದ ಕಂಪ್ಯೂಟರಿನಲ್ಲೂ ಹೀಗೇ ಆಗುತ್ತದೆ.

ಎರೆ ಭೂಮಿಯಲ್ಲಿ ಇದಕ್ಕೆ ಇನ್ನೊಂದು ಸೇರ್ಪಡೆಯಿದೆ. ಬೇಸಿಗೆಯಲ್ಲಿ ಎರೆ ಮಣ್ಣು ಒಣಗಿ, ಕುಗ್ಗಿ, ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಅರ್ಥ್ ಪೈಪಿನ ಸುತ್ತಲಿನ ಮಣ್ಣೂ ಹಾಗೇ ಸರಿದು, ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗ್ ಏಪ್ರಿಲ್‌ನಲ್ಲಿ ಕೆಲಸ ಮಾಡದೆ ಹೋಗಬಹುದು. ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಬೇಸಿಗೆಯಲ್ಲಿ ನೀರುಣಿಸಿ ಎಂದು ಹಿರಿಯ ಎಲೆಕ್ಟ್ರಿಷಿಯನ್‌ಗಳು ಹೇಳುವುದು ಇದಕ್ಕೇ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಬೋರ್ಡಿಗೆ ಸಿಕ್ಕಿಸಿದ್ದರೆ ಯಾವ ಗುಂಡಿಯೂ ಉಪಯೋಗವಿಲ್ಲ.

ನಿಜವಾಗಿ ಸೋರಿದ್ದರೆ ಕಣ್ಣಿಗೆ ಕಾಣುತ್ತದೆ: ಕೊಳವೆಯ ಬುಡದಲ್ಲಿ ಅಂಟಂಟು ತೇವ, ಒಣಗಿದ ಕಲೆ, ಕೆಳಗಿರುವ ಗ್ರಾಫಿಕ್ಸ್ ಕಾರ್ಡಿನ ಮೇಲೆ ಹನಿ. ಹಾಗೆ ಕಂಡರೆ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡಿ. ಒರೆಸಿ ಮತ್ತೆ ಶುರು ಮಾಡಿ ನೋಡುವುದು ಬೇಡ.

ಆಫ್ ಆಗುತ್ತಿರುವುದು ಬಿಸಿಯಿಂದಲೋ, ಕರೆಂಟಿನಿಂದಲೋ?

ರಿಪೇರಿಗೆ ಕೊಡುವ ಮುಂಚೆ ಇಷ್ಟನ್ನು ನೀವೇ ಗುರುತಿಸಬಹುದು. ಬಿಸಿಯಾದರೆ ಪ್ರೊಸೆಸರ್ ಮೊದಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕೆಲಸ ನಿಧಾನವಾಗಿ, ಹತ್ತಿಪ್ಪತ್ತು ನಿಮಿಷದ ನಂತರ ಆಫ್ ಆಗುತ್ತದೆ, ತಕ್ಷಣ ಮತ್ತೆ ಹಾಕಿದರೆ ಬೇಗನೆ ಮತ್ತೆ ಆಫ್. ಕರೆಂಟ್ ಅಥವಾ ಕೇಬಲ್ ತೊಂದರೆಯಾದರೆ ಮುನ್ಸೂಚನೆ ಇಲ್ಲ. ರೆಂಡರ್ ಒತ್ತಿದ ಕ್ಷಣ, ಪಕ್ಕದ ಹಿಟ್ಟಿನ ಗಿರಣಿಯ ಮೋಟಾರ್ ಶುರುವಾದ ಕ್ಷಣ, ಇಲ್ಲವೇ ಟೇಬಲ್ ಅಲುಗಿದ ಕ್ಷಣ ದೀಪ ಆರಿದ ಹಾಗೆ ಆರುತ್ತದೆ.

ಎಚ್‌ಡಬ್ಲ್ಯೂ ಮಾನಿಟರ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ಉಷ್ಣತೆ ನೋಡಿ. ಇಂದಿನ ಪ್ರೊಸೆಸರ್‌ಗಳಿಗೆ ಸಾಮಾನ್ಯವಾಗಿ 95ರಿಂದ 100 ಡಿಗ್ರಿ ಮಿತಿ. ಕೋಣೆಯೇ 39 ಡಿಗ್ರಿ ಇದ್ದಾಗ ಯಾವ ಲಿಕ್ವಿಡ್ ಕೂಲರೂ ಅದಕ್ಕಿಂತ ಕೆಳಗೆ ತರಲಾರದು, ಆದ್ದರಿಂದ ಸುಮ್ಮನಿದ್ದಾಗ 50 ಕಂಡರೆ ಗಾಬರಿ ಬೇಡ. ಆನ್ ಮಾಡಿ ಒಂದೆರಡು ನಿಮಿಷದಲ್ಲೇ 90 ದಾಟಿದರೆ ಪಂಪು ನಿಂತಿರುವ ಸಾಧ್ಯತೆ ಹೆಚ್ಚು. ಎರಡೂ ಕೊಳವೆ ಮುಟ್ಟಿ ನೋಡಿ: ಪಂಪು ನಡೆಯುತ್ತಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಬೆಚ್ಚಗೆ ಇರುತ್ತವೆ. ಒಂದು ಸುಡುತ್ತಾ ಇನ್ನೊಂದು ತಣ್ಣಗಿದ್ದರೆ ದ್ರವ ಸುತ್ತುತ್ತಿಲ್ಲ. ಪಂಪು ಸತ್ತೇಹೋಗಿದೆ ಎಂದುಕೊಳ್ಳುವ ಮೊದಲು ಅದರ ಪುಟ್ಟ ಪ್ಲಗ್ ಸಡಿಲಾಗಿದೆಯೇ ನೋಡಿ. ಗಳಗಳ ಸದ್ದು ಬರುತ್ತಿದ್ದರೆ ಪಂಪಿನಲ್ಲಿ ಗಾಳಿ ಸೇರಿದೆ. ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಬೇಕು, ಆಗ ಗಾಳಿ ಅಲ್ಲಿ ಹೋಗಿ ಕೂರುತ್ತದೆ.

ಧೂಳಿನ ಲಕ್ಷಣ ಬೇರೆ. ಎರಡೂ ಕೊಳವೆ ಬಿಸಿ, ಫ್ಯಾನ್ ಜೋರು, ಹೊರಗೆ ಬರುವ ಗಾಳಿ ಮಾತ್ರ ಕಡಿಮೆ. ಕಡಲೆ ರಾಶಿಯ ದಿನಗಳಲ್ಲಿ ರಸ್ತೆ ಪಕ್ಕದ ಅಂಗಡಿಯ ರೇಡಿಯೇಟರ್ ಬೇಗ ಮುಚ್ಚಿಕೊಳ್ಳುತ್ತದೆ. ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದು, ಬ್ಲೋವರ್ ಹೊಡೆದರೆ ಸಾಕು. ಅಣ್ಣಿಗೇರಿಯ ಕಂಪ್ಯೂಟರಿಗೆ ಬೇಕಿದ್ದದ್ದು ಅಷ್ಟೇ.

ವಿಂಡೋಸ್‌ನಲ್ಲಿ 'ಕರ್ನಲ್ ಪವರ್ 41' ಎಂದು ತೋರಿಸಿ "ಎಸ್‌ಎಂಪಿಎಸ್ ಹೋಗಿದೆ" ಎನ್ನುವವರಿದ್ದಾರೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂಬುದಷ್ಟೇ ಅದರ ಅರ್ಥ.

ಹೇಳಿಕೆ 3: ಪ್ಲಗ್ ಕೂತರೆ ಕೇಬಲ್ ಹೊಂದುತ್ತದೆ ಎಂದರ್ಥ

ಇದು ಎಲ್ಲಕ್ಕಿಂತ ಅಪಾಯದ ಮಾತು. ಮದರ್‌ಬೋರ್ಡ್ ಕಡೆಯ ಮತ್ತು ಹಾರ್ಡ್ ಡಿಸ್ಕ್ ಕಡೆಯ ತುದಿಗೆ ಜಗತ್ತಿನಾದ್ಯಂತ ಒಂದೇ ನಿಯಮವಿದೆ. ಆದರೆ ಕೇಬಲ್ ಬಿಚ್ಚಲು ಬರುವ, 'ಮಾಡ್ಯುಲರ್' ಎನ್ನುವ ಎಸ್‌ಎಂಪಿಎಸ್‌ಗಳಲ್ಲಿ ಡಬ್ಬದ ಕಡೆಯ ತುದಿಗೆ ಅಂಥ ನಿಯಮವಿಲ್ಲ. ಯಾವ ಪಿನ್ನಿನಲ್ಲಿ 12 ವೋಲ್ಟ್, ಯಾವುದರಲ್ಲಿ 5 ವೋಲ್ಟ್ ಎಂಬುದು ಕಂಪನಿಗೊಂದು ರೀತಿ, ಒಮ್ಮೊಮ್ಮೆ ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ. ಪ್ಲಗ್ಗಿನ ಆಕಾರ ಒಂದೇ ಇರುವುದರಿಂದ ಸಲೀಸಾಗಿ ಕೂರುತ್ತದೆ, 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ಹರಿಯುತ್ತದೆ. ಹಳೆಯ ಎಸ್‌ಎಂಪಿಎಸ್ ಹೋದರೆ ಅದರ ಕೇಬಲ್ಲೂ ಅದರ ಜೊತೆಗೇ ಹೋಗಬೇಕು. ಹೊಸದನ್ನು ಪೂರ್ತಿ ಎಳೆಯಲು ಒಂದು ಗಂಟೆ ಹೆಚ್ಚು ಹಿಡಿದರೆ ಹಿಡಿಯಲಿ.

ಪ್ರೊಸೆಸರಿಗೆ ಹೋಗುವ 8 ಪಿನ್ ಮತ್ತು ಗ್ರಾಫಿಕ್ಸ್ ಕಾರ್ಡಿನ 8 ಪಿನ್ (6+2) ಕೂಡ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, 12 ವೋಲ್ಟ್ ಇರುವ ಸಾಲು ಮಾತ್ರ ಅದಲುಬದಲು. ಬಿಗಿಯಾಗಿದೆ ಎಂದು ಒತ್ತಿ ತುರುಕಬೇಡಿ. ಸರಿಯಾದ ಪ್ಲಗ್ಗಾದರೆ ಟಕ್ ಎಂದು ಕೊಂಡಿ ಬೀಳುವವರೆಗೆ ಪೂರ್ತಿ ಒತ್ತಿ. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳ ಪ್ಲಗ್ ಕರಗಿದ ಪ್ರಕರಣಗಳಿಗೆ ಅರ್ಧಂಬರ್ಧ ಕೂತ ಪ್ಲಗ್ಗೂ ಒಂದು ಕಾರಣವಾಗಿತ್ತು.

ಹಸಿರು ತಂತಿಯನ್ನು ಕಪ್ಪು ತಂತಿಗೆ ಪಿನ್ನಿನಿಂದ ಸೇರಿಸಿ, ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಸರಿಯಿದೆ ಎನ್ನುವುದೂ ಅರ್ಧ ಸತ್ಯವೇ. ಅದು ಎದ್ದೇಳುತ್ತದೆ ಎಂದಷ್ಟೇ ಗೊತ್ತಾಗುತ್ತದೆ, ಭಾರ ಹೊರುತ್ತದೆಯೇ ಎಂದಲ್ಲ. ಕೆಲಸ ನಡೆಯುತ್ತಿರುವಾಗ 12 ವೋಲ್ಟಿನ ಹಳದಿ ತಂತಿಯಲ್ಲಿ 11.4ರಿಂದ 12.6ರ ಒಳಗೆ ಇರಬೇಕು. ಇದನ್ನು ಮೀಟರ್ ಹಿಡಿದು ಬಲ್ಲವರೇ ನೋಡಲಿ. ಎಸ್‌ಎಂಪಿಎಸ್ ಡಬ್ಬವನ್ನಂತೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಮೀರಿ ಉಳಿದಿರಬಹುದು.

ಡಿಸ್ಕ್ ಈಗಾಗಲೇ ಹೋಗಿದ್ದರೆ?

ಬೇರೆ ಬೇರೆ ಕಂಪ್ಯೂಟರಿಗೆ ಹಾಕಿ ನೋಡುವುದನ್ನು ನಿಲ್ಲಿಸಿ. ಅನೇಕ ಹಾರ್ಡ್ ಡಿಸ್ಕ್‌ಗಳ ಹಸಿರು ಬೋರ್ಡಿನಲ್ಲಿ ಹೆಚ್ಚು ವೋಲ್ಟ್ ಬಂದಾಗ ತಾನು ಸುಟ್ಟು ಉಳಿದದ್ದನ್ನು ಕಾಯುವ ಸಣ್ಣ ಡಯೋಡ್ ಇರುತ್ತದೆ. ಅದಷ್ಟೇ ಹೋಗಿದ್ದರೆ ಒಳಗಿನ ತಟ್ಟೆಯ ಮೇಲಿನ ಮಾಹಿತಿ ಹಾಗೇ ಇರುತ್ತದೆ, ಡೇಟಾ ರಿಕವರಿ ಗೊತ್ತಿರುವವರು ತೆಗೆದುಕೊಡಬಲ್ಲರು. ಎಸ್‌ಎಸ್‌ಡಿಗಳಲ್ಲಿ ಈ ಆಸೆ ಕಡಿಮೆ.

ಅಣ್ಣಿಗೇರಿಯವರು ಎರಡೂ ಡಿಸ್ಕ್ ಹಿಡಿದು ಹುಬ್ಬಳ್ಳಿಗೆ ಹೋದರು. ಒಂದರಲ್ಲಿ ಡಯೋಡ್ ಮಾತ್ರ ಸುಟ್ಟಿತ್ತು, ಎರಡು ಮದುವೆ ಪೂರ್ತಿಯಾಗಿ ಸಿಕ್ಕವು. ಇನ್ನೊಂದು ಏಳಲಿಲ್ಲ. ಮೂರನೆಯ ಮದುವೆಯದ್ದು ಈಗ ನೆಂಟರ ಮೊಬೈಲ್‌ಗಳಲ್ಲಿ ಇದ್ದಷ್ಟು ವಿಡಿಯೊ ಕೂಡಿಸಿ ಮಿಕ್ಸಿಂಗ್ ನಡೆದಿದೆ.