ಗುಂಟೆಯ ಲೆಕ್ಕ, ಬಾಂದುಕಲ್ಲಿನ ಸಾಕ್ಷಿ

ಮುಂಬಯಿ ಉಪನಗರಗಳಲ್ಲಿ ಜಾಗವನ್ನು ಗುಂಟೆಯ ಲೆಕ್ಕದಲ್ಲಿ ಹೇಳಿದರೆ ಧಾರವಾಡ, ಬೆಳಗಾವಿ ಕಡೆಯ ನಮಗೆ ಅದು ಹೊಸದೆನಿಸದು. ಎರಡೂ ಕಡೆ ಹರಿದದ್ದು ಮುಂಬಯಿ ಸರಕಾರದ ಒಂದೇ 33 ಅಡಿ ಸರಪಳಿ. ಅದರ ಚೌಕ ಒಂದು ಗುಂಟೆ. 40 ಗುಂಟೆಗೆ ಎಕರೆ. 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ತೊಡಗಿದ ಮೋಜಣಿ 1840ರ ದಶಕದಲ್ಲಿ ನಮ್ಮ ಜಿಲ್ಲೆಗಳಿಗೂ ಬಂತು. 1847ರ ಜಂಟಿ ವರದಿ ಅದರ ನಿಯಮಗಳನ್ನು ನೆಲೆಗೊಳಿಸಿತು. ಹೊಲಕ್ಕೆ ಸರ್ವೆ ನಂಬರು, ಮೂಲೆಗೆ ಬಾಂದುಕಲ್ಲು ದೊರೆತವು.

ಇಂದು ಯಂತ್ರ ಮೂಲೆಗಳನ್ನು ಅಂಕಿಗಳಾಗಿ ಹಿಡಿಯುತ್ತದೆ. ಕಂಪ್ಯೂಟರು ಗೆರೆ ಕೂಡಿಸಿ ಕ್ಷೇತ್ರ ಹೇಳುತ್ತದೆ. ಆದರೆ ನಿಜವಾದ ಮೂಲೆ ಯಾವುದೆಂದು ಅದಕ್ಕೆ ತಿಳಿಯದು. ಕಲ್ಲು ಕಿತ್ತುಹೋಗಿ, ಸರಿದ ಬದುವನ್ನೇ ಗಡಿಯೆಂದು ಕೊಟ್ಟರೆ ತಪ್ಪೂ ಅಚ್ಚುಕಟ್ಟಾಗಿ ಮೂಡುತ್ತದೆ. ಊರು ಬಿಟ್ಟ ನಾವು ರಜೆಯಲ್ಲಿ ಹೋದಾಗ, ಹಿರಿಯರಿರುವಾಗಲೇ, ಮಕ್ಕಳೊಡನೆ ಬಾಂದುಕಲ್ಲುಗಳನ್ನು ಕಂಡು ಬರುವುದು ಒಳಿತು.